ಅಪ್ಪನ ಖಾತೆಗೆ ಮಗನ ಸಹಿ: ಜಿಪಿಎ ಇದ್ದರೂ ಬ್ಯಾಂಕ್ ಏಕೆ ಒಪ್ಪುವುದಿಲ್ಲ?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕು. ತಂದೆಗೆ 76 ವರ್ಷ, ನಿವೃತ್ತ ಮುಖ್ಯ ಶಿಕ್ಷಕರು. ಡಿಮೆನ್ಷಿಯಾ ಎಂದು ವೈದ್ಯರು ಹೇಳಿ ಎರಡು ವರ್ಷವಾಯಿತು. ಈಗ ನೂರರ ನೋಟಿಗೂ ಐನೂರರ ನೋಟಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಪಿಂಚಣಿ ಖಾತೆ ಅವರೊಬ್ಬರ ಹೆಸರಿನಲ್ಲಿದೆ. ಒಂದಷ್ಟು ಎಫ್‌ಡಿ ಅಮ್ಮನ ಜೊತೆ ಜಂಟಿಯಾಗಿದೆ, ಒಂದು ಅವರದೇ ಹೆಸರಿನಲ್ಲಿದೆ. ಮೂರು ಎಕರೆ ತೆಂಗಿನ ತೋಟದ ಪಹಣಿಯೂ ಅವರ ಹೆಸರಿನಲ್ಲೇ. 2019ರಲ್ಲಿ ಅವರು ಚೆನ್ನಾಗಿದ್ದಾಗಲೇ ನನ್ನ ಹೆಸರಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ನೋಂದಣಿ ಮಾಡಿಸಿಕೊಟ್ಟಿದ್ದರು. ಬ್ಯಾಂಕಿನವರು ‘ಅದು ಈಗ ನಡೆಯಲ್ಲ, ಕೋರ್ಟ್ ಆರ್ಡರ್ ತನ್ನಿ’ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ತಮ್ಮ ‘ಅಪ್ಪನನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ತೋಟವನ್ನು ನಮ್ಮಿಬ್ಬರ ಹೆಸರಿಗೆ ದಾನಪತ್ರ ಮಾಡಿಸಿಬಿಡೋಣ, ತಲೆನೋವು ಮುಗಿಯುತ್ತೆ’ ಎನ್ನುತ್ತಾನೆ. ಅಮ್ಮನಿಗೆ ಖರ್ಚಿಗೆ ಕೈಯಲ್ಲಿ ಕಾಸಿಲ್ಲ. ನಾವೇನು ಮಾಡಬೇಕು?

ಉತ್ತರ: ಮೊದಲು ತಮ್ಮನ ಸಲಹೆಗೆ ಉತ್ತರ ಹೇಳಿಬಿಡುತ್ತೇನೆ. ಬೇಡ. ತಲೆನೋವು ಮುಗಿಯುವುದಿಲ್ಲ, ಅಲ್ಲಿಂದಲೇ ಶುರುವಾಗುತ್ತದೆ. ಬರೆದುಕೊಡುವವರು ಅಸ್ವಸ್ಥಚಿತ್ತರೆಂದು ಸಬ್‌ರಿಜಿಸ್ಟ್ರಾರ್‌ಗೆ ಕಂಡುಬಂದರೆ ಪತ್ರವನ್ನು ನೋಂದಾಯಿಸಲು ನಿರಾಕರಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆಯ 35ನೇ ಕಲಂ ಹೇಳುತ್ತದೆ. ಹೆಸರೇನು ಅಂತ ಕೇಳಿದಾಗ ಅಪ್ಪ ಹೇಳಿಬಿಡಬಹುದು, ಹೆಬ್ಬೆಟ್ಟು ಒತ್ತಿಯೂಬಿಡಬಹುದು, ಕ್ಯಾಮೆರಾ ಮುಂದೆ ಕೂತು ನಗಲೂಬಹುದು. ಅಲ್ಲಿಗೆ ನೋಂದಣಿ ಆಗಿಹೋಗುತ್ತದೆ. ಆದರೆ ಎರಡು ವರ್ಷದ ಆಸ್ಪತ್ರೆ ಚೀಟಿಗಳು ನಿಮ್ಮ ಮನೆಯ ಬೀರುವಿನಲ್ಲೇ ಇವೆಯಲ್ಲ? ಮುಂದೆ ಅಕ್ಕತಂಗಿಯರಲ್ಲಿ ಒಬ್ಬರು, ಇಲ್ಲವೇ ಇವತ್ತು ಈ ಸಲಹೆ ಕೊಟ್ಟ ತಮ್ಮನೇ ಮನಸ್ಸು ಬದಲಿಸಿ ದಾವೆ ಹೂಡಿದರೆ ಆ ಪತ್ರ ಉಳಿಯುವುದು ಕಷ್ಟ. ತೋಟ ಪಿತ್ರಾರ್ಜಿತವಾದರೆ ಇನ್ನೊಂದು ತೊಡಕೂ ಇದೆ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಾಲುದಾರರು. ನಿಮಗೆ ಅಕ್ಕತಂಗಿಯರು ಇದ್ದಾರೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಈ ಉತ್ತರವನ್ನು ಮೊದಲು ಅವರಿಗೆ ಓದಿ ಹೇಳಿ.

ಈಗ ಜಿಪಿಎ. ನಿಮ್ಮ ಜಿಲ್ಲೆಯಲ್ಲಿ ಮಾತ್ರವಲ್ಲ, ಎಲ್ಲೆಡೆಯೂ ಜನರಿಗಿರುವ ದೊಡ್ಡ ತಪ್ಪು ತಿಳಿವಳಿಕೆ ಇದು. ‘ಅಪ್ಪ ಕೈಲಾಗದೆ ಮಲಗಿದಾಗ ಬೇಕಾಗುತ್ತೆ’ ಎಂದೇ ಜಿಪಿಎ ಮಾಡಿಸಿಡುತ್ತಾರೆ. ಕೈಲಾಗದೆ ಮಲಗಿದರೆ ಅದು ನಡೆಯುತ್ತದೆ, ಬುದ್ಧಿ ಮಂಕಾದರೆ ನಡೆಯುವುದಿಲ್ಲ. ಜಿಪಿಎ ಪಡೆದವನು ಕಾನೂನಿನ ಲೆಕ್ಕದಲ್ಲಿ ಏಜೆಂಟ್. ಬರೆದುಕೊಟ್ಟವರು ತೀರಿಕೊಂಡರೂ ಅಸ್ವಸ್ಥಚಿತ್ತರಾದರೂ ಏಜೆಂಟನ ಅಧಿಕಾರ ಅಲ್ಲಿಗೇ ಮುಗಿಯಿತು ಎನ್ನುತ್ತದೆ 1872ರ ಕರಾರು ಕಾಯ್ದೆಯ 201ನೇ ಕಲಂ. ಕೆಲವು ದೇಶಗಳಲ್ಲಿ ಬುದ್ಧಿ ಕೈಕೊಟ್ಟ ಮೇಲೂ ಮುಂದುವರಿಯುವಂಥ ಅಧಿಕಾರಪತ್ರವನ್ನು ಮೊದಲೇ ಬರೆದಿಡಬಹುದು. ನಮ್ಮಲ್ಲಿ ಅಂಥದ್ದಿಲ್ಲ. ಪತ್ರದಲ್ಲಿ ‘ರದ್ದುಪಡಿಸಲಾಗದ ಜಿಪಿಎ’ ಅಂತ ದಪ್ಪಕ್ಷರದಲ್ಲಿ ಬರೆಸಿದ್ದರೂ ಅಷ್ಟೆ. ಆ ಆಸ್ತಿಯಲ್ಲಿ ಏಜೆಂಟನಿಗೇ ಸ್ವಂತ ಹಿತಾಸಕ್ತಿ ಇದ್ದರೆ ಮಾತ್ರ ವಿನಾಯಿತಿ. ಅಪ್ಪನ ಆರೈಕೆಗೆಂದು ಬರೆದುಕೊಟ್ಟ ಪತ್ರ ಆ ಸಾಲಿಗೆ ಸೇರುವುದಿಲ್ಲ. ಬ್ಯಾಂಕಿನವರು ಹೇಳಿದ್ದು ಸರಿ.

ಹಾಗಂತ ಆ ಪತ್ರವನ್ನು ಹರಿದು ಬಿಸಾಡಬೇಡಿ. ಅದೇ ಕಾಯ್ದೆಯ 209ನೇ ಕಲಮ್ಮನ್ನು ಯಾರೂ ಅಷ್ಟಾಗಿ ಓದುವುದಿಲ್ಲ. ಬರೆದುಕೊಟ್ಟವರು ಸತ್ತರೆ ಅಥವಾ ಅಸ್ವಸ್ಥಚಿತ್ತರಾದರೆ, ತನಗೆ ವಹಿಸಿದ್ದ ಹಿತವನ್ನು ಕಾಪಾಡಿ ಉಳಿಸಲು ಬೇಕಾದ ಎಲ್ಲ ಕ್ರಮವನ್ನು ಏಜೆಂಟ್ ಕೈಗೊಳ್ಳಲೇಬೇಕು ಎನ್ನುತ್ತದೆ ಅದು. ಅಂದರೆ ತೋಟಕ್ಕೆ ನೀರು ಬಿಡಿಸುವುದು, ಬಿದ್ದ ಬೇಲಿ ಕಟ್ಟಿಸುವುದು, ಕಂದಾಯ ಕಟ್ಟುವುದು, ಅಟ್ಟದ ಮೇಲಿರುವ ಕಾಯಿ ಹಾಳಾಗದಂತೆ ನೋಡಿಕೊಳ್ಳುವುದು, ಇಂಥವು ನಿಮ್ಮ ಕರ್ತವ್ಯವೇ. ಮಾರುವುದು, ಅಡವಿಡುವುದು, ಎಫ್‌ಡಿ ಮುರಿಯುವುದು ಅದರೊಳಗೆ ಬರುವುದಿಲ್ಲ. ಜೊತೆಗೆ, ಬುದ್ಧಿ ಸರಿಯಿದ್ದ ಕಾಲದಲ್ಲಿ ಅಪ್ಪ ನಂಬಿದ್ದು ನಿಮ್ಮನ್ನೇ ಎಂಬುದಕ್ಕೆ 2019ರ ಆ ಪತ್ರ ನಾಳೆ ನ್ಯಾಯಾಲಯದಲ್ಲಿ ಒಳ್ಳೆಯ ಸಾಕ್ಷಿ. ಅರ್ಜಿಯ ಜೊತೆ ಲಗತ್ತಿಸಿ.

ನಾಮಿನಿ ವಿಷಯವೂ ಹೀಗೆಯೇ. ‘ಎಲ್ಲದಕ್ಕೂ ಅಮ್ಮನೇ ನಾಮಿನಿ’ ಅಂತ ಧೈರ್ಯವಾಗಿರುವವರು ಬಹಳ. ನಾಮಿನಿಯ ಪಾತ್ರ ಶುರುವಾಗುವುದು ಖಾತೆದಾರ ತೀರಿಕೊಂಡ ಮೇಲೆ. ಅವರು ಬದುಕಿರುವಷ್ಟು ದಿನ ನಾಮಿನಿಗೆ ಒಂದು ರೂಪಾಯಿ ತೆಗೆಯುವ ಹಕ್ಕೂ ಇಲ್ಲ.

ಕೋರ್ಟಿಗೆ ಹೋಗುವ ಮುಂಚೆ ಒಂದು ಸಂಜೆ ಕೂತು ಅಪ್ಪನ ಹೆಸರಿನಲ್ಲಿರುವುದನ್ನೆಲ್ಲ ಎರಡು ಪಟ್ಟಿ ಮಾಡಿ. ಯಾರ ಅನುಮತಿಯೂ ಇಲ್ಲದೆ ನಡೆಯುವಂಥವು ಒಂದು ಕಡೆ, ಅಪ್ಪನ ಸಹಿಯೇ ಬೇಕಾದಂಥವು ಇನ್ನೊಂದು ಕಡೆ. ಎರಡನೆಯ ಪಟ್ಟಿ ನೀವು ಅಂದುಕೊಂಡಿದ್ದಕ್ಕಿಂತ ಚಿಕ್ಕದಿರುತ್ತದೆ.

ಜಂಟಿ ಎಫ್‌ಡಿ ತೆಗೆದುಕೊಳ್ಳಿ. ರಸೀದಿಯಲ್ಲಿ ‘ಐದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು) ಅಂತ ಇದ್ದರೆ ಅವಧಿ ಮುಗಿದ ದಿನ ಅಮ್ಮ ಒಬ್ಬರೇ ಸಹಿ ಹಾಕಿ ಹಣ ಪಡೆಯಬಹುದು. ಅವಧಿಗೆ ಮುಂಚೆ ಮುರಿಯಬೇಕೆಂದರೆ ಸಾಮಾನ್ಯವಾಗಿ ಇಬ್ಬರ ಸಹಿಯೂ ಕೇಳುತ್ತಾರೆ. ‘ಫಾರ್ಮರ್ ಆರ್ ಸರ್ವೈವರ್’ (ಮೊದಲ ಹೆಸರಿನವರು, ಅವರ ನಂತರ ಉಳಿದವರು) ಅಂತಿದ್ದು ಅಪ್ಪನ ಹೆಸರು ಮೊದಲಿದ್ದರೆ ಅವರಿರುವವರೆಗೆ ಅಮ್ಮನಿಗೆ ಅಧಿಕಾರವಿಲ್ಲ. ಎಷ್ಟೋ ಮನೆಗಳಲ್ಲಿ ಈ ಮೂರು ಪದ ಓದದೆಯೇ ವಕೀಲರ ಹತ್ತಿರ ಓಡಿಬರುತ್ತಾರೆ. ರಸೀದಿ ತೆಗೆದು ನೋಡಿ. ಒಂದು ಎಫ್‌ಡಿಯ ಅವಧಿ ಇನ್ನು ಎರಡು ಮೂರು ತಿಂಗಳಲ್ಲಿ ಮುಗಿಯುವಂತಿದ್ದರೆ ಅಮ್ಮನ ಸದ್ಯದ ಖರ್ಚಿನ ಚಿಂತೆ ಅಲ್ಲೇ ಕಳೆಯುತ್ತದೆ.

ಪಿಂಚಣಿಗೆ ವರ್ಷಕ್ಕೊಮ್ಮೆ ಕೊಡುವ ಜೀವಂತ ಪ್ರಮಾಣಪತ್ರಕ್ಕೂ ಕೋರ್ಟ್ ಬೇಕಿಲ್ಲ. ಬದುಕಿದ್ದೇನೆ ಅಂತ ತೋರಿಸಲು ಬುದ್ಧಿ ಚುರುಕಾಗಿರಬೇಕೆಂಬ ಷರತ್ತಿಲ್ಲ. ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಪ್ರಮಾಣಪತ್ರ ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿಗೇ ಬಂದು ಇಂಥ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಶಾಖೆಯಲ್ಲಿ ಬಾಯಿಮಾತಿನಲ್ಲಿ ಕೇಳುವುದಕ್ಕಿಂತ ಒಂದು ಪತ್ರ ಬರೆದುಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ತೋಟದ ಕೊಬ್ಬರಿ ಎಪಿಎಂಸಿ ಟೆಂಡರ್‌ಗೆ ಒಯ್ದು ಮಾರುವುದಕ್ಕೆ ನಿಮ್ಮನ್ನು ಯಾರೂ ತಡೆಯುವುದಿಲ್ಲ. ಆದರೆ ಬೆಂಬಲ ಬೆಲೆಗೆ ನಾಫೆಡ್ ಕೇಂದ್ರಕ್ಕೆ ಕೊಡಬೇಕೆಂದರೆ ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ದಾಖಲೆ ತಂತ್ರಾಂಶ) ನೋಂದಣಿ, ಪಹಣಿಯಲ್ಲಿರುವವರ ಆಧಾರ್, ಅವರದೇ ಬ್ಯಾಂಕ್ ಖಾತೆ ಎಲ್ಲ ಬೇಕು. ಹಣ ಬಂದು ಬೀಳುವುದು ನಿಮಗೆ ಕೈಯಾಡಿಸಲಾಗದ ಅಪ್ಪನ ಖಾತೆಗೆ. ಇದು ಎರಡನೆಯ ಪಟ್ಟಿಗೆ ಹೋಗಲಿ. ವಿಎಸ್‌ಎಸ್‌ಎನ್‌ನಲ್ಲಿ (ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ) ಬೆಳೆಸಾಲವಿದ್ದರೆ ಕಂತು ಯಾರು ಕಟ್ಟಿದರೂ ಆಗುತ್ತದೆ, ಸಾಲ ನವೀಕರಣಕ್ಕೆ ಮಾತ್ರ ಅವರ ಸಹಿ ಬೇಕು. ಅದೂ ಎರಡನೆಯದಕ್ಕೇ. ಅವರೊಬ್ಬರ ಹೆಸರಿನ ಎಫ್‌ಡಿ, ಪಿಂಚಣಿ ಖಾತೆಯಿಂದ ಹಣ ತೆಗೆಯುವುದು, ವಿಮೆಯ ಕ್ಲೇಮು, ಇಷ್ಟು ಸೇರಿಸಿದರೆ ಪಟ್ಟಿ ಹೆಚ್ಚುಕಡಿಮೆ ಮುಗಿಯಿತು.

ಪಿಂಚಣಿ ಖಾತೆಯ ಬಗ್ಗೆ ಒಂದು ಮಾತು. ಕಾಯಿಲೆ ಬಿದ್ದ, ಸಹಿ ಹಾಕಲಾಗದ ಖಾತೆದಾರರಿಗೆ ರಿಸರ್ವ್ ಬ್ಯಾಂಕಿನ ಒಂದು ವ್ಯವಸ್ಥೆ ಇದೆ. ಹೆಬ್ಬೆಟ್ಟು ಅಥವಾ ಕಾಲಿನ ಹೆಬ್ಬೆರಳಿನ ಗುರುತು, ಅದೂ ಆಗದಿದ್ದರೆ ಒಂದು ಗೀಟು ಹಾಕಿಸಬಹುದು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಯಾರೋ ಇದನ್ನು ಹೇಳಿ ನಿಮ್ಮನ್ನು ಕಳಿಸಬಹುದು. ಆದರೆ ಇದು ಕೈ ಸೋತವರಿಗೆ. ಪಾರ್ಶ್ವವಾಯು ಹೊಡೆದು ಮಾತು ನಿಂತಿದ್ದರೂ ‘ಇಷ್ಟು ತೆಗೆದು ಇಂಥವರಿಗೆ ಕೊಡಿ’ ಎಂದು ಸನ್ನೆಯಲ್ಲಿ ಹೇಳಬಲ್ಲವರಿಗೆ ಬಹಳ ಉಪಯುಕ್ತ. ಏನು ಮಾಡುತ್ತಿದ್ದೇನೆ ಎಂಬುದೇ ತಿಳಿಯದವರ ಬೆರಳು ಹಿಡಿದು ಒತ್ತಿಸುವುದಕ್ಕೆ ಅಲ್ಲ.

ಹಾಗಾದರೆ ಎಟಿಎಂ ಕಾರ್ಡು? ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಅದೇ ನಡೆಯುತ್ತಿರಬಹುದು. ಪಿನ್ ಗೊತ್ತಿರುವ ಮಗ ಅಥವಾ ಸೊಸೆ ತಿಂಗಳಿಗೊಮ್ಮೆ ಹೋಗಿ ಹಣ ತೆಗೆದು ಔಷಧಿ, ಡೈಪರ್, ನೋಡಿಕೊಳ್ಳುವವರ ಸಂಬಳ ಕೊಡುತ್ತಾರೆ. ಬ್ಯಾಂಕಿನ ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ನಾಳೆ ಯಾರಾದರೂ ‘ಅಣ್ಣ ಅಪ್ಪನ ದುಡ್ಡು ನುಂಗಿದ’ ಎಂದರೆ ನಿಮ್ಮ ಕೈಯಲ್ಲಿ ಯಾವ ಕಾಗದವೂ ಇರುವುದಿಲ್ಲ. ಹೀಗೆ ಮಾಡುತ್ತಿದ್ದರೆ ಅದನ್ನು ನಿಲ್ಲಿಸುವ ದಾರಿಯೇ ಕೋರ್ಟಿನ ಅರ್ಜಿ. ಅಲ್ಲಿಯವರೆಗಿನ ಒಂದೊಂದು ಬಿಲ್ಲನ್ನೂ ತೆಗೆದಿಟ್ಟು, ಒಂದು ನೋಟ್‌ಬುಕ್ಕಿನಲ್ಲಿ ತಾರೀಕಿನ ಸಮೇತ ಬರೆದು, ತಿಂಗಳ ಕೊನೆಗೆ ಪುಟದ ಫೋಟೋ ತಮ್ಮನಿಗೆ ವಾಟ್ಸ್‌ಆ್ಯಪ್ ಮಾಡಿ. ನಾಳೆ ನ್ಯಾಯಾಧೀಶರು ಲೆಕ್ಕ ಕೇಳಿದರೆ ಅದೇ ನೋಟ್‌ಬುಕ್ ಕೊಡಬಹುದು.

ಇನ್ನು ಕೋರ್ಟ್. ಇಲ್ಲಿ ನಮ್ಮ ಕಾನೂನು ನಿಮ್ಮಂಥವರನ್ನು ನಡುನೀರಿನಲ್ಲಿ ಬಿಟ್ಟಿದೆ ಎಂದು ಖಾರವಾಗಿಯೇ ಹೇಳುತ್ತೇನೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಒಂದು ಇಡೀ ಅಧ್ಯಾಯವಿತ್ತು. ಆಸ್ತಿಯಿರುವ ಮಾನಸಿಕ ಅಸ್ವಸ್ಥರ ಪರವಾಗಿ ಸಂಬಂಧಿಕರು ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದಿತ್ತು, ನ್ಯಾಯಾಲಯ ವಿಚಾರಣೆ ನಡೆಸಿ ವ್ಯಕ್ತಿಗೆ ಗಾರ್ಡಿಯನ್, ಆಸ್ತಿಗೆ ಮ್ಯಾನೇಜರ್ ನೇಮಿಸುತ್ತಿತ್ತು. ಅದರ ಜಾಗಕ್ಕೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಹಕ್ಕುಗಳ ಮಟ್ಟಿಗೆ ಒಳ್ಳೆಯದೇ. ಆದರೆ ಹಳೆಯ ಕಾಯ್ದೆಯನ್ನು ರದ್ದು ಮಾಡುವಾಗ ಆಸ್ತಿಯ ಅಧ್ಯಾಯವೂ ಹೋಯಿತು, ಬದಲಿಗೆ ಏನೂ ಬರಲಿಲ್ಲ. ಹೊಸ ಕಾಯ್ದೆಯಲ್ಲಿ ‘ನಾಮನಿರ್ದೇಶಿತ ಪ್ರತಿನಿಧಿ’ ಎಂಬುವರು ಇದ್ದಾರೆ. ಆಸ್ಪತ್ರೆಯಲ್ಲಿ ನಿಮ್ಮನ್ನು ಹಾಗೆ ದಾಖಲಿಸಿಕೊಂಡಿರಲೂಬಹುದು. ಅವರ ಮಾತು ನಡೆಯುವುದು ಚಿಕಿತ್ಸೆಯ ವಿಷಯದಲ್ಲಿ ಮಾತ್ರ, ಬ್ಯಾಂಕಿನ ಕೌಂಟರಿನಲ್ಲಿ ಅಲ್ಲ.

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಹಾಕೋಣ ಎಂದು ಯಾರಾದರೂ ಹೇಳಿದರೆ, ಅದು ಅಪ್ರಾಪ್ತ ವಯಸ್ಕರಿಗೆ. 76ರ ಮೇಷ್ಟ್ರಿಗೆ ಹೊಂದುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಯೇ ಗಾರ್ಡಿಯನ್ ನೇಮಿಸಬಹುದು, ಕೋರ್ಟಿನ ಗೋಜಿಲ್ಲ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗಷ್ಟೆ. ಡಿಮೆನ್ಷಿಯಾ ಆ ಪಟ್ಟಿಯಲ್ಲಿಲ್ಲ. ಇಂಥ ತೊಂದರೆಯಿರುವ ಮಗ ಅಥವಾ ಮಗಳಿಗೆ ಹದಿನೆಂಟು ತುಂಬಿದೆ, ಬ್ಯಾಂಕಿನಲ್ಲಿ ಸಹಿ ಯಾರು ಹಾಕಬೇಕು ಎಂದು ಕೇಳುವ ಓದುಗರಿದ್ದರೆ ಅವರು ನೇರವಾಗಿ ಈ ಸಮಿತಿಗೇ ಅರ್ಜಿ ಹಾಕಲಿ. ಅಲ್ಲಿ ನೇಮಕವಾದ ಗಾರ್ಡಿಯನ್ ಆರು ತಿಂಗಳೊಳಗೆ ಆಸ್ತಿಪಟ್ಟಿ ಕೊಡಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು.

ನಿಮಗೆ ಉಳಿಯುವುದು ಎರಡು ದಾರಿ.

ಒಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಂ. ಡಿಮೆನ್ಷಿಯಾ ಎಂಬ ಪದ ಆ ಕಾಯ್ದೆಯ ಅನುಸೂಚಿಯಲ್ಲಿ ಇಲ್ಲ. ಆದರೆ ಮಾನಸಿಕ ಅಸ್ವಾಸ್ಥ್ಯ ಎಂದರೇನು ಎಂಬ ವಿವರಣೆಯಲ್ಲಿ ಆಲೋಚನೆ, ಮನೋಭಾವಗಳ ಜೊತೆಗೆ ನೆನಪು, ಸ್ಥಳ-ಕಾಲಗಳ ಅರಿವು ತೀವ್ರವಾಗಿ ಕೆಡುವುದನ್ನೂ ಸೇರಿಸಿದ್ದಾರೆ. ವಾದ ಕಟ್ಟಬೇಕಾದದ್ದು ಅದರ ಮೇಲೆ. ಸಾಕಷ್ಟು ನೆರವು ಕೊಟ್ಟರೂ ಕಾನೂನುಬದ್ಧ ನಿರ್ಧಾರ ತೆಗೆದುಕೊಳ್ಳಲಾಗದ ವ್ಯಕ್ತಿಗೆ ಜಿಲ್ಲಾ ನ್ಯಾಯಾಲಯ ‘ಸೀಮಿತ ಗಾರ್ಡಿಯನ್’ ನೇಮಿಸಬಹುದು. ಸೀಮಿತ ಎಂದರೆ ಇಂಥ ನಿರ್ಧಾರಕ್ಕೆ, ಇಷ್ಟು ಅವಧಿಗೆ, ಆ ವ್ಯಕ್ತಿಯ ಇಚ್ಛೆಯನ್ನು ಕೇಳಿಕೊಂಡು. ಅಷ್ಟರಿಂದ ಆಗದ ಸ್ಥಿತಿಯಿದ್ದರೆ ಸಂಪೂರ್ಣ ನೆರವಿಗೂ ಅವಕಾಶವಿದೆ, ಅದನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ.

ಎರಡನೆಯದು ಬೆಂಗಳೂರಿನ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ತನ್ನನ್ನು ತಾನು ನೋಡಿಕೊಳ್ಳಲಾಗದವರಿಗೆ ನ್ಯಾಯಾಲಯವೇ ತಂದೆತಾಯಿಯ ಸ್ಥಾನದಲ್ಲಿ ನಿಲ್ಲುತ್ತದೆ ಎಂಬ ಹಳೆಯ ತತ್ವವೇ ಇದಕ್ಕೆ ಆಧಾರ. ಕಾನೂನಿನಲ್ಲಿರುವ ಈ ಖಾಲಿಜಾಗವನ್ನು ಹಲವು ರಾಜ್ಯಗಳ ಹೈಕೋರ್ಟುಗಳು ಹೀಗೆ ತುಂಬಿವೆ. ಕೋಮಾದಲ್ಲಿರುವವರಿಗೆ ಗಾರ್ಡಿಯನ್ ನೇಮಿಸುವ ಬಗ್ಗೆ ಕೇರಳ ಹೈಕೋರ್ಟ್ 2019ರಲ್ಲಿ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಕೊಟ್ಟ ಮಾರ್ಗಸೂಚಿಯನ್ನು ನಿಮ್ಮ ವಕೀಲರು ಓದಿರಲಿ. ಅರ್ಜಿದಾರರು ಎಲ್ಲ ಆಸ್ತಿಯ ವಿವರ ಬಿಚ್ಚಿಡಬೇಕು. ವೈದ್ಯಕೀಯ ಮಂಡಳಿ ರೋಗಿಯನ್ನು ಪರೀಕ್ಷಿಸಬೇಕು. ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಕಂದಾಯ ಅಧಿಕಾರಿ ಮನೆಗೆ ಬಂದು ನೋಡಿ ವರದಿ ಕೊಡಬೇಕು. ಗಂಡ, ಹೆಂಡತಿ ಅಥವಾ ಮಕ್ಕಳಿಗೆ ಆದ್ಯತೆ. ನೇಮಕವಾದ ಮೇಲೆ ಆರು ತಿಂಗಳಿಗೊಮ್ಮೆ ಹಣದ ಬಳಕೆಯ ವರದಿ ಕೊಡಬೇಕು. ಕರ್ನಾಟಕವನ್ನು ಆ ತೀರ್ಪು ಕಟ್ಟಿಹಾಕುವುದಿಲ್ಲ, ಆದರೂ ಅರ್ಜಿಯನ್ನು ಅದೇ ಅಚ್ಚಿನಲ್ಲಿ ತಯಾರಿಸಿದರೆ ನ್ಯಾಯಾಧೀಶರು ಕೇಳಬಹುದಾದ ಅರ್ಧ ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿಕ್ಕಿರುತ್ತದೆ.

ಯಾವುದು ಆರಿಸಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ, ಬೇರೆ ವಕೀಲರು ಬೇರೆ ಹೇಳಬಹುದು. ನಿಮ್ಮ ತಂದೆ ಎದ್ದು ಓಡಾಡುತ್ತಾರೆ, ಮಾತಾಡುತ್ತಾರೆ, ಪಟ್ಟಿಯೂ ಚಿಕ್ಕದು. ತುಮಕೂರಿನ ಜಿಲ್ಲಾ ನ್ಯಾಯಾಲಯವೇ ಮೊದಲ ಆಯ್ಕೆಯಾಗಲಿ. ಊರಿಗೆ ಹತ್ತಿರ, ಅಪ್ಪನನ್ನು ನೋಡಬೇಕು ಎಂದರೂ ಸುಲಭ, ಆಮೇಲೆ ವರ್ಷ ವರ್ಷ ಲೆಕ್ಕ ಒಪ್ಪಿಸುವುದಕ್ಕೂ ಅನುಕೂಲ. ಪ್ರಜ್ಞೆಯೇ ಇಲ್ಲದೆ ಐಸಿಯುನಲ್ಲಿದ್ದು ನಾಳೆಯೇ ಆಸ್ಪತ್ರೆ ಬಿಲ್ ಕಟ್ಟಬೇಕು ಎನ್ನುವ ಸ್ಥಿತಿಯಾದರೆ ನೇರ ಹೈಕೋರ್ಟಿಗೇ ಹೋಗಿ ಎನ್ನುತ್ತಿದ್ದೆ.

ಅರ್ಜಿ ಹಾಕುವವರು ಅಮ್ಮನಾಗಲಿ, ನೀವು ಎರಡನೆಯ ಅರ್ಜಿದಾರರಾಗಿ. ಇದರಲ್ಲಿ ಒಂದು ಲಾಭವೂ ಇದೆ. ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯಡಿ ಮಹಿಳೆಯರಿಗೂ ಅಂಗವಿಕಲರಿಗೂ ವರಮಾನದ ಮಿತಿ ನೋಡದೆ ಉಚಿತ ವಕೀಲರು ಸಿಗುತ್ತಾರೆ. ತಿಪಟೂರು ನ್ಯಾಯಾಲಯದಲ್ಲೇ ಇರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಕರೆ ಮಾಡಿ. ತಮ್ಮ ಮತ್ತು ಅಕ್ಕತಂಗಿಯರಿಂದ ಒಪ್ಪಿಗೆಯ ಅಫಿಡವಿಟ್ ಮಾಡಿಸಿ. ಒಬ್ಬರು ಒಪ್ಪದಿದ್ದರೆ ಅವರನ್ನು ಪ್ರತಿವಾದಿ ಮಾಡಿ, ಮರೆಮಾಚಬೇಡಿ. ಇಂಥ ಅರ್ಜಿಗಳನ್ನು ಕೆಡಿಸುವುದು ಕಾಯಿಲೆಯ ಬಗೆಗಿನ ಅನುಮಾನವಲ್ಲ, ಮನೆಯವರಲ್ಲೇ ಒಬ್ಬರಿಗೆ ತಿಳಿಸದೆ ಹಾಕಿದ್ದಾರೆ ಎಂಬ ಅನುಮಾನ.

ವೈದ್ಯರ ಪ್ರಮಾಣಪತ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇಡೀ ಅರ್ಜಿ ನಿಲ್ಲುವುದು ಅದರ ಮೇಲೆ, ಸಾಮಾನ್ಯವಾಗಿ ಅದೇ ಅರೆಬರೆ ಇರುತ್ತದೆ. ‘ಇವರು ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ’ ಎಂಬ ಒಂದು ಸಾಲು ಏನೂ ಹೇಳಿದಂತಾಗಲಿಲ್ಲ. ಡಿಮೆನ್ಷಿಯಾ ಶುರುವಾದ ಮೊದಲ ವರ್ಷಗಳಲ್ಲಿ ತಮ್ಮ ವ್ಯವಹಾರ ತಾವೇ ನೋಡಿಕೊಳ್ಳುವವರು ಎಷ್ಟೋ ಜನ. ನೆನಪಿನ ಪರೀಕ್ಷೆಯಲ್ಲಿ ಮೂವತ್ತಕ್ಕೆ ಇಷ್ಟು ಬಂತು ಎಂದು ಬರೆದರೂ ಸಾಲದು. ಅದು ಕಾಯಿಲೆಯ ಅಳತೆ, ಸಾಮರ್ಥ್ಯದ ಅಳತೆಯಲ್ಲ. ನ್ಯಾಯಾಲಯಕ್ಕೆ ಬೇಕಾದದ್ದು ಬೇರೆ: ಹಣದ ವ್ಯವಹಾರ ವಿವರಿಸಿದರೆ ಅರ್ಥವಾಗುತ್ತದೆಯೇ, ನಿರ್ಧಾರ ಮಾಡುವಷ್ಟು ಹೊತ್ತು ನೆನಪಿನಲ್ಲಿ ಉಳಿಯುತ್ತದೆಯೇ, ಇದಾದರೆ ಹೀಗೆ ಅದಾದರೆ ಹಾಗೆ ಎಂದು ತೂಗಿ ನೋಡಬಲ್ಲರೇ, ತೀರ್ಮಾನವನ್ನು ಹೇಗಾದರೂ ತಿಳಿಸಬಲ್ಲರೇ, ಚೇತರಿಸಿಕೊಳ್ಳುವ ಸಾಧ್ಯತೆ ಇದೆಯೇ. ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ನರರೋಗ ಅಥವಾ ಮನೋರೋಗ ತಜ್ಞರಿಗೆ ಕೊಟ್ಟು, ಇವಕ್ಕೆ ಉತ್ತರವಿರುವಂತೆ ಪ್ರಮಾಣಪತ್ರ ಕೊಡಿ ಎಂದು ವಿನಂತಿಸಿ. ಯಾವಾಗಿನಿಂದ ಸಾಮರ್ಥ್ಯ ಹೋಗಿದೆ ಎಂಬುದನ್ನು ಅವರು ದಾಖಲೆ ನೋಡಿ ತಾವೇ ಬರೆಯಲಿ. ನೀವು ಬಾಯಿ ಹಾಕಬೇಡಿ. ಆ ತಾರೀಕು ಹಿಂದೆ ಹೋದಷ್ಟೂ ಅದಾದ ಮೇಲೆ ಅಪ್ಪ ಮಾಡಿದ ಸಹಿಗಳೆಲ್ಲ ಅಲುಗಾಡತೊಡಗುತ್ತವೆ.

ಅರ್ಜಿಯಲ್ಲಿ ಏನು ಕೇಳುತ್ತೀರಿ ಎಂಬುದು ಅಷ್ಟೇ ಮುಖ್ಯ. ‘ಎಲ್ಲ ಚರ ಸ್ಥಿರ ಆಸ್ತಿಗೂ ನನ್ನನ್ನು ಗಾರ್ಡಿಯನ್ ಮಾಡಿ’ ಎಂದು ಒಂದೇ ಉಸಿರಿನಲ್ಲಿ ಕೇಳುವುದೇ ರೂಢಿ. ಮಾಡಬೇಡಿ. ಎರಡನೆಯ ಪಟ್ಟಿಯನ್ನೇ ಪ್ರಾರ್ಥನೆಯಾಗಿ ಬರೆಸಿ. ಇಂಥ ಖಾತೆಯಿಂದ ತಿಂಗಳಿಗೆ ಇಷ್ಟರವರೆಗೆ ಆರೈಕೆಗೆ ತೆಗೆಯಲು, ಇಂಥ ಎಫ್‌ಡಿ ಅವಧಿ ಮುಗಿದಾಗ ಅಪ್ಪನ ಹೆಸರಿನಲ್ಲೇ ಮರುಹೂಡಿಕೆ ಮಾಡಲು, ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಬಿಲ್ಲಿನಷ್ಟು ಮುರಿಯಲು, ಬೆಂಬಲ ಬೆಲೆಯ ನೋಂದಣಿಗೆ ಅವರ ಪರವಾಗಿ ಸಹಿ ಹಾಕಲು, ಬೆಳೆಸಾಲ ನವೀಕರಿಸಲು, ಆದಾಯ ತೆರಿಗೆ ವಿವರ ಸಲ್ಲಿಸಲು. ಬ್ಯಾಂಕಿನ ಹೆಸರು, ಶಾಖೆ, ಖಾತೆ ಸಂಖ್ಯೆ, ರಸೀದಿ ಸಂಖ್ಯೆ ಎಲ್ಲ ಅನುಬಂಧದಲ್ಲಿ ಇರಲಿ. ಖಾತೆ ಸಂಖ್ಯೆಯೇ ಇಲ್ಲದ ಆದೇಶ ಹಿಡಿದು ಹೋದರೆ ಶಾಖೆಯವರು ಅದನ್ನು ತಮ್ಮ ಕಾನೂನು ವಿಭಾಗಕ್ಕೆ ಕಳಿಸುತ್ತಾರೆ, ನೀವು ಮತ್ತೆ ಅದೇ ಬೆಂಚಿನ ಮೇಲೆ ಕೂರುತ್ತೀರಿ.

ತೋಟ ಮಾರುವುದನ್ನು ಈ ಅರ್ಜಿಯಲ್ಲಿ ಸೇರಿಸಬೇಡಿ. ಗಾರ್ಡಿಯನ್ ಆದ ಮಾತ್ರಕ್ಕೆ ಮಾರುವ ಹಕ್ಕು ಬರುವುದಿಲ್ಲ, ಅದಕ್ಕೆ ಪ್ರತ್ಯೇಕ ಅನುಮತಿ ಬೇಕು, ಅಪ್ಪನಿಗೆ ಅದರಿಂದೇನು ಪ್ರಯೋಜನ ಎಂದು ತೋರಿಸಬೇಕು. ಮಾರುವ ಮಾತು ಬಂದ ಕೂಡಲೇ ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಓದಲು ಶುರುಮಾಡುತ್ತಾರೆ, ಸರಿಯಾಗಿಯೇ. ಪಾಲುಪಾರಿಕತ್ತು ಕೂಡ ಈಗ ಬೇಡ. ಅಪ್ಪನ ಪಾಲಿನ ಪರವಾಗಿ ಮಾತಾಡುವವರು ಪಾಲು ಕೇಳುವ ಮಕ್ಕಳೇ ಆದರೆ ಹಿತಾಸಕ್ತಿಗಳು ಡಿಕ್ಕಿ ಹೊಡೆಯುತ್ತವೆ. ನೆರವು ಕೊಡುವವರಿಗೂ ಅಂಗವಿಕಲ ವ್ಯಕ್ತಿಗೂ ಹೀಗೆ ಹಿತಾಸಕ್ತಿಯ ಸಂಘರ್ಷ ಬಂದಾಗ ನೆರವು ಕೊಡುವವರು ಆ ವ್ಯವಹಾರದಿಂದ ಹಿಂದೆ ಸರಿಯಬೇಕೆಂದು 2016ರ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಪಾಲಿನ ವ್ಯಾಜ್ಯವನ್ನು ಬೇರೆಯವರೇ ಹೂಡಿದರೆ ಆಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಂತೆ ಆ ದಾವೆಯ ಮಟ್ಟಿಗೆ ಅಪ್ಪನಿಗೊಬ್ಬ ಗಾರ್ಡಿಯನ್ ನೇಮಕವಾಗುತ್ತಾರೆ. ಅದೇ ಬೇರೆ, ಇದೇ ಬೇರೆ. ಆ ಆದೇಶ ತೋರಿಸಿ ಬ್ಯಾಂಕಿನಲ್ಲಿ ಹಣ ಕೇಳಲು ಬರುವುದಿಲ್ಲ.

ಆದೇಶ ಬಂದ ಮೇಲೆ ದೃಢೀಕೃತ ಪ್ರತಿಗಳನ್ನು ನಾಲ್ಕೈದು ತೆಗೆದಿಟ್ಟುಕೊಳ್ಳಿ. ಅಪ್ಪನ ಹಣ ಅಪ್ಪನ ಹೆಸರಿನ ಖಾತೆಯಲ್ಲೇ ಇರಲಿ, ನೀವು ಗಾರ್ಡಿಯನ್ ಎಂದು ಅದರ ಮೇಲೆ ದಾಖಲಾಗಲಿ. ಅನುಕೂಲವೆಂದು ನಿಮ್ಮ ಖಾತೆಗೆ ವರ್ಗಾಯಿಸಿಕೊಂಡ ಮೊದಲ ದಿನವೇ ಲೆಕ್ಕ ಕಲಸುಮೇಲೋಗರವಾಗುತ್ತದೆ. ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ ಅವರ ಪ್ಯಾನ್‌ಗೆ ನೀವು ಪ್ರತಿನಿಧಿಯಾಗಿ ನೋಂದಾಯಿಸಿಕೊಳ್ಳಬಹುದು, ಅದಕ್ಕೂ ಇದೇ ಆದೇಶ ಬೇಕು. ಕೊಬ್ಬರಿ ಮಾರಿದ ಚೀಟಿ, ಕಾಯಿ ಕೀಳುವವರ ಕೂಲಿ, ಗೊಬ್ಬರದ ಬಿಲ್ಲು ಇವನ್ನು ತೋಟದ ಲೆಕ್ಕವಾಗಿ ಬೇರೆ ಇಡಿ. ತೋಟದ ಕೆಲಸಕ್ಕೆ ನಿಮ್ಮ ಸ್ವಂತ ಶ್ರಮವೂ ಸೇರುತ್ತದೆ ನಿಜ. ಅದಕ್ಕೆ ಏನಾದರೂ ಪಡೆಯಬೇಕೆಂದಿದ್ದರೆ ನಾಚಿಕೆಪಡದೆ ಅರ್ಜಿಯಲ್ಲೇ ಕೇಳಿ. ಕೇಳದೆ ತೆಗೆದುಕೊಂಡರೆ ಅದಕ್ಕೆ ಬೇರೆ ಹೆಸರು ಬರುತ್ತದೆ.

ಇಷ್ಟೆಲ್ಲದರ ನಡುವೆ ಅಪ್ಪನನ್ನೂ ಕೇಳುತ್ತಿರಿ. ನೋಟು ಗುರುತಿಸದಿದ್ದರೂ ತೋಟದ ಯಾವ ಮೂಲೆಯ ಮರ ಕಡಿಯಬಾರದು, ಯಾವ ಆಳು ನಂಬಿಕಸ್ಥ, ದೇವರ ಕಾರ್ಯಕ್ಕೆ ವರ್ಷಾ ಏನು ಕೊಡುತ್ತಿದ್ದೆವು ಎಂಬುದನ್ನು ಅವರು ಖಚಿತವಾಗಿ ಹೇಳಬಹುದು. ಕಾಯ್ದೆ ‘ಇಚ್ಛೆಯಂತೆ’ ಎನ್ನುವುದು ಇದನ್ನೇ. ನ್ಯಾಯಾಧೀಶರು ಅಪ್ಪನನ್ನು ಮಾತಾಡಿಸಿದರೆ ಹೆದರಬೇಡಿ, ಮೊದಲೇ ಉತ್ತರ ಕಲಿಸಿ ಕರೆದೊಯ್ಯಲೂಬೇಡಿ.

ಕೊನೆಯದಾಗಿ ಅಮ್ಮನ ವಿಷಯ. ನೀವು ಕೇಳಿಲ್ಲ, ಆದರೆ ಅವರು ಈಗ ಚೆನ್ನಾಗಿದ್ದಾರೆ ಎಂಬುದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಅಪ್ಪನ ವಿಷಯದಲ್ಲಿ ಕೈತಪ್ಪಿದ್ದನ್ನು ಅವರ ವಿಷಯದಲ್ಲಿ ಈಗಲೇ ಮಾಡಿಸಬಹುದು. ಅವರ ಉಳಿತಾಯ ಖಾತೆ, ಎಫ್‌ಡಿಗಳನ್ನು ಅವರು ನಂಬುವ ಮಕ್ಕಳೊಬ್ಬರ ಜೊತೆ ‘ಐದರ್ ಆರ್ ಸರ್ವೈವರ್’ ಮಾಡಿಸಿ. ಅವಧಿಗೆ ಮುಂಚೆ ಒಬ್ಬರೇ ಮುರಿಯಬಹುದು ಎಂಬ ಸೂಚನೆಯನ್ನೂ ಬ್ಯಾಂಕು ಒಪ್ಪಿದರೆ ಅದೇ ದಿನ ಬರೆದುಕೊಡಲಿ. ಉಯಿಲು ಬರೆಯುವ ಮನಸ್ಸಿದ್ದರೆ ಬರೆಯಲಿ, ಸಾಕ್ಷಿಗಳಲ್ಲಿ ಒಬ್ಬರು ಅವರನ್ನು ನೋಡುವ ವೈದ್ಯರಾದರೆ ಒಳ್ಳೆಯದು. ಆಸ್ತಿ ಹೆಚ್ಚಿದ್ದು, ನೋಡಿಕೊಳ್ಳಲೇಬೇಕಾದ ಮಗ ಮಗಳು ಇದ್ದರೆ 1882ರ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಟ್ರಸ್ಟ್ ಮಾಡಿ ಟ್ರಸ್ಟಿಗಳ ಕೈಗೆ ಒಪ್ಪಿಸಬಹುದು. ಬರೆದವರ ಬುದ್ಧಿ ಆಮೇಲೆ ಮಂಕಾದರೂ ಟ್ರಸ್ಟ್ ಮುಂದುವರಿಯುತ್ತದೆ. ಜಿಪಿಎಗೂ ಅದಕ್ಕೂ ಇರುವ ವ್ಯತ್ಯಾಸ ಅದೇ. ಪ್ರೀತಿಯಿಂದ ಆಸ್ತಿಯನ್ನು ಈಗಲೇ ಮಕ್ಕಳ ಹೆಸರಿಗೆ ಮಾಡುತ್ತೇನೆ ಎಂದು ಅಮ್ಮ ಹೊರಟರೆ, ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ಆ ಷರತ್ತು ಇದ್ದು, ನೋಡಿಕೊಳ್ಳದೆ ಹೋದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ತಿಪಟೂರಿನ ಉಪವಿಭಾಗಾಧಿಕಾರಿಗಳ ಮುಂದೆ ಅದನ್ನು ರದ್ದು ಮಾಡಿಸಿಕೊಳ್ಳಬಹುದು. ಷರತ್ತು ಬರೆಸುವಾ ಎಂದಾಗ ಮುಖ ಚಿಕ್ಕದು ಮಾಡುವವರು ಯಾರು ಎಂಬುದನ್ನೂ ಅಮ್ಮ ಅಲ್ಲೇ ನೋಡಿಕೊಳ್ಳಲಿ.